ನಿಲುಗಲ್ಲು: ಸೆಗಾಲೆನ್‌ನನ್ನು ಕನ್ನಡಕ್ಕೆ ತರುವಾಗ ನನ್ನ ಅನುಭವ

ಫ್ರೆಂಚ್ ಕವಿ ವಿಕ್ಟರ್ ಸೆಗಾಲೆನ್ ನನ್ನನ್ನು ಮೊದಲು ಹಿಡಿದದ್ದು ಅವನ ಸಾವಿನಿಂದ. 1919ರ ಮೇ 21ರಂದು, ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಸೀಮೆಯಲ್ಲಿ, ಉಯೆಲ್‌ಗ್ವಾಟ್ ಕಾಡಿಗೆ ಒಬ್ಬನೇ ಹೋದವನು ತಿರುಗಿ ಬರಲಿಲ್ಲ. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಕಾಲಿನಲ್ಲಿ ಆಳವಾದ ಗಾಯ, ರಕ್ತ ನಿಲ್ಲಲೆಂದು ಮೇಲೆ ಬಿಗಿದುಕೊಂಡ ಕಟ್ಟು, ಪಕ್ಕದಲ್ಲಿ ಶೇಕ್ಸ್‌ಪಿಯರನ 'ಹ್ಯಾಮ್ಲೆಟ್'. ವಯಸ್ಸು 41. ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ಗಾಯ ಹೊಲಿದವನು ನಾನು. ಆ ಕಟ್ಟಿನ ವಿಷಯ ಓದಿದಾಗ ಮನಸ್ಸು ಅಲ್ಲೇ ನಿಂತುಬಿಟ್ಟಿತು. ತನ್ನ ಗಾಯಕ್ಕೆ ತಾನೇ ಕಟ್ಟು ಕಟ್ಟಿಕೊಂಡ ಈ ಡಾಕ್ಟರು ಯಾರು ಎಂದು ಹುಡುಕುತ್ತ ಹೋಗಿ, ಅವನ ಕವಿತೆಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಬಿದ್ದೆ.

ಅವನು ಹುಟ್ಟಿದ್ದು 1878ರಲ್ಲಿ, ಬ್ರೆಸ್ಟ್ ಬಂದರಿನಲ್ಲಿ. ಬೋರ್ಡೊದ ನೌಕಾ ವೈದ್ಯಕೀಯ ಶಾಲೆಯಲ್ಲಿ ಓದಿ 1902ರಲ್ಲಿ ಡಾಕ್ಟರಾದ. ಅವನು ಬರೆದ ಪ್ರಬಂಧ ಯಾವ ರೋಗದ ಮೇಲೂ ಅಲ್ಲ. ಅವನ ಕಾಲದ ಕಾದಂಬರಿಕಾರರು ಕಾಯಿಲೆಯನ್ನು ಹೇಗೆ ಗಮನಿಸಿ ಬರೆಯುತ್ತಾರೆ ಎಂಬುದರ ಮೇಲೆ. ಇದು ತಿಳಿದ ದಿನ ನನಗೆ ಧೈರ್ಯ ಬಂತು. ಒಪಿಡಿ ಚೀಟಿ ಬರೆದ ಕೈ ಕವಿತೆಯನ್ನೂ ಮುಟ್ಟಬಹುದು ಅನ್ನಿಸಿತು.

ಫ್ರೆಂಚ್ ಕಲಿತದ್ದು ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ, ವಾರಾಂತ್ಯದ ತರಗತಿಗಳಲ್ಲಿ, ರಾತ್ರಿ ಬಸ್ಸಿನಲ್ಲಿ ಹೋಗಿ ಬಂದು. ನಾಲ್ಕು ವರ್ಷವಾದ ಮೇಲೆ ಅವನ 'ಸ್ತೇಲ್' ಸಂಕಲನಕ್ಕೆ ಕೈ ಹಾಕಿದೆ. ಮೊದಲ ಮುದ್ರಣ ಹೊರಬಂದದ್ದು 1912ರಲ್ಲಿ, ಪೀಕಿಂಗ್‌ನ ಕ್ರೈಸ್ತ ಪಾದ್ರಿಗಳ ಮುದ್ರಣಾಲಯದಿಂದ, ಮಾರಾಟಕ್ಕಿಲ್ಲದ 81 ಪ್ರತಿ. ಚೀನಾದ ಹಳೆಯ ಪುಸ್ತಕಗಳಂತೆ ಒಂದೇ ಉದ್ದದ ಕಾಗದವನ್ನು ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಮರದ ಹಲಗೆಗಳ ನಡುವೆ ಇಟ್ಟದ್ದು. ಪ್ರತಿ ಕವಿತೆಯ ಸುತ್ತ ಕಪ್ಪು ಗೆರೆಯ ಚೌಕಟ್ಟು, ಮೇಲೆ ಬಲಕ್ಕೆ ಚೀನೀ ಅಕ್ಷರಗಳು. 1914ರ ಮುದ್ರಣದ ಹೊತ್ತಿಗೆ ಕವಿತೆಗಳು 64 ಆದವು.

'ಸ್ತೇಲ್' ಎಂದರೆ ಬರಹ ಹೊತ್ತು ನೆಟ್ಟಗೆ ನಿಂತ ಕಲ್ಲು. ಚೀನಾದಲ್ಲಿ ಎಷ್ಟೋ ಕಡೆ ಅದು ಕಲ್ಲಿನ ಆಮೆಯ ಬೆನ್ನೇರಿ ನಿಂತಿರುತ್ತದೆ. ಈ ಒಂದು ಪದಕ್ಕೆ ನಾನು ಎಂಟು ತಿಂಗಳು ತೆತ್ತೆ. ಕನ್ನಡಿಗನಿಗೆ ಕಲ್ಲಿಗೇನು ಬರ? ಮೊದಲು ಬಾಯಿಗೆ ಬಂದದ್ದು 'ವೀರಗಲ್ಲು'. ಸಂಕಲನದ ಯೋಧರ ಕವಿತೆಗಳಿಗಂತೂ ಹೇಳಿ ಮಾಡಿಸಿದ ಹಾಗಿತ್ತು. ಆದರೆ ವೀರಗಲ್ಲು ಅಂದ ಕೂಡಲೆ ನಮ್ಮ ಕಣ್ಣು ತಾನಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಅಷ್ಟನ್ನೂ ಸೆಗಾಲೆನ್‌ನ ಕಲ್ಲಿನ ಮೇಲೆ ನಾನೇ ಕೆತ್ತಿದ ಹಾಗಾಗುತ್ತಿತ್ತು. 'ಶಾಸನ' ಎಂದರೆ ಅಪ್ಪಣೆ. ದೊರೆಯ ಕವಿತೆಗಳಿಗೆ ಒಗ್ಗುತ್ತದೆ, ಪ್ರೇಮದ ಕವಿತೆಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊನೆಗೆ ಪದ ಸಿಕ್ಕಿದ್ದು ನಮ್ಮ ಹೊಸನಗರದ ಕಡೆಯೇ. ಅಲ್ಲಿ ನಿಲಸ್ಕಲ್ ಎಂಬ ಊರಿದೆ. ಊರಿಗೆ ಆ ಹೆಸರು ತಂದ ಬೃಹತ್ ಶಿಲಾಯುಗದ ಕಲ್ಲುಗಳು ಇವತ್ತಿಗೂ ನೆಟ್ಟಗೆ ನಿಂತಿವೆ, ಬರಹವಿಲ್ಲ, ಚಿತ್ರವಿಲ್ಲ. ಇಂಥ ಕಲ್ಲಿಗೆ ಜಗತ್ತೆಲ್ಲ ಬಳಸುವ 'ಮೆನ್ಹಿರ್' ಎಂಬ ಪದ ಸೆಗಾಲೆನ್‌ನ ಬ್ರಿಟನಿಯ ಮಾತಿನಿಂದಲೇ ಹೊರಟದ್ದು, 'ಉದ್ದಗಲ್ಲು' ಅಂತ ಅರ್ಥ. ನಿಂತಿರುವುದನ್ನಷ್ಟೇ ಹೇಳಿ ಸುಮ್ಮನಾಗುವ ಪದ ನನಗೆ ಬೇಕಿತ್ತು. 'ನಿಲುಗಲ್ಲು' ಎಂದು ಬರೆದೆ. ಬರಹದ ಭಾರವನ್ನು ಕವಿತೆ ಹೊತ್ತುಕೊಳ್ಳಲಿ ಅಂದುಕೊಂಡೆ.

ದಿಕ್ಕುಗಳದ್ದು ಇನ್ನೊಂದು ಪಾಠ. ಅವನ ಕವಿತೆಗಳು ದಿಕ್ಕಿನ ಪ್ರಕಾರ ನಿಂತಿವೆ. ತೆಂಕಣಕ್ಕೆ ಮುಖ ಮಾಡಿದವು ದೊರೆಯವು, ಬಡಗಣದವು ಗೆಳೆತನದವು, ಮೂಡಣದವು ಪ್ರೇಮದವು, ಪಡುವಣದವು ಯುದ್ಧದವು. ಆಮೇಲೆ ದಾರಿಬದಿಯ ಕಲ್ಲುಗಳು, ಕಡೆಗೆ ನಟ್ಟನಡುವಿನವು. ಚೀನಾದ ಚಕ್ರವರ್ತಿ ತೆಂಕಣಕ್ಕೆ ಮುಖ ಮಾಡಿ ಕೂರುತ್ತಿದ್ದ. ನಮಗೆ ದಕ್ಷಿಣ ಅಂದರೆ ಯಮನ ದಿಕ್ಕು. ಮೊದಲ ಕರಡಿನಲ್ಲಿ ಓದುಗರಿಗೆ ಹತ್ತಿರವಾಗಲಿ ಎಂದು ದಕ್ಷಿಣಾಮೂರ್ತಿಯನ್ನು ತಂದಿದ್ದೆ. ಬೆಳಗ್ಗೆ ಎದ್ದು ಓದಿದರೆ ಚಕ್ರವರ್ತಿ ಕಾಣೆಯಾಗಿ ಆಲದ ಮರದಡಿ ಗುರು ಕೂತಿದ್ದ. ಹೊಡೆದುಹಾಕಿದೆ. ಮೂಡ, ತೆಂಕ, ಪಡುವ, ಬಡಗ ನಮ್ಮ ದಾನಶಾಸನಗಳು ಗಡಿ ಗುರುತಿಸುವಾಗ ಬಳಸಿದ ಪದಗಳು. ಅವುಗಳಲ್ಲಿ ದೇವರಿಲ್ಲ, ಗದ್ದೆಯ ಅಂಚಷ್ಟೇ ಇದೆ. ಅವನ್ನು ಇಟ್ಟುಕೊಂಡೆ.

ಸಂಕಲನದ ಮೊದಲ ಕವಿತೆಯ ಶೀರ್ಷಿಕೆ, ಆಳ್ವಿಕೆಯ ಗುರುತು ಇಲ್ಲದ್ದು ಎಂಬ ಅರ್ಥದ್ದು. ಚೀನಾದಲ್ಲಿ ಪ್ರತಿ ಚಕ್ರವರ್ತಿಯ ಆಳ್ವಿಕೆಗೂ ಒಂದು ಹೆಸರು, ವರ್ಷವನ್ನು ಅದರಿಂದಲೇ ಎಣಿಸುತ್ತಿದ್ದರು. ಸೆಗಾಲೆನ್ ಯಾವ ಆಳ್ವಿಕೆಗೂ ಸೇರದ, ಒಳಗಿನ ಕಾಲವೊಂದನ್ನು ಕೆತ್ತುತ್ತಾನೆ. 'ಶಕವರ್ಷವಿಲ್ಲದೆ' ಅಂತ ಬರೆದು ಒಂದು ವಾರ ಬಹಳ ಖುಷಿಯಲ್ಲಿದ್ದೆ, ಕಿವಿಗೆ ಅಷ್ಟು ಇಂಪು. ಆದರೆ ಶಕವರ್ಷ ಯಾವ ದೊರೆ ಸತ್ತರೂ ಮುಂದೆ ನಡೆಯುತ್ತದೆ, ಅವನು ಬೆನ್ನು ತಿರುಗಿಸಿದ್ದು ದೊರೆಯೊಂದಿಗೆ ಮುಗಿದುಹೋಗುವ ಎಣಿಕೆಗೆ. ನಮ್ಮ ಶಾಸನಗಳಲ್ಲಿ ಅದಕ್ಕೆ ಹತ್ತಿರದ್ದು 'ವಿಜಯರಾಜ್ಯಂ ಉತ್ತರೋತ್ತರಾಭಿವೃದ್ಧಿ ಪ್ರವರ್ಧಮಾನಂ ಆಚಂದ್ರಾರ್ಕತಾರಂ ಸಲುತ್ತಮಿರೆ' ಎಂಬ ಸಾಲು. ಅದನ್ನು ಗಟ್ಟಿಯಾಗಿ ನಾಲ್ಕು ಸಲ ಓದಿದ ಮೇಲೆಯೇ 'ಆಳ್ವಿಕೆಯ ಮುದ್ರೆಯಿಲ್ಲದೆ' ಎಂಬ ಬಡ ಶೀರ್ಷಿಕೆ ಬಂತು. ಇಂಪು ಕಡಿಮೆ, ಸುಳ್ಳಿಲ್ಲ.

ಹೀಗೆ ನಮ್ಮದನ್ನು ಹೇರದೆ ಕೈ ಹಿಡಿಯುವುದನ್ನು ಕಲಿತದ್ದು ಅವನಿಂದಲೇ. 1903ರಲ್ಲಿ ಅವನು 'ದ್ಯುರಾನ್ಸ್' ಹಡಗಿನ ಡಾಕ್ಟರಾಗಿ ಟಹೀಟಿ ಕಡೆ ಇದ್ದ. ಮಾರ್ಕೇಸಾಸ್ ದ್ವೀಪಗಳಿಗೆ ಹೋಗುವಷ್ಟರಲ್ಲಿ ಚಿತ್ರಕಾರ ಪಾಲ್ ಗೊಗ್ಯಾಂ ತೀರಿಕೊಂಡು ಮೂರು ತಿಂಗಳಾಗಿತ್ತು. ಟಹೀಟಿಯ ಪಪೀಟೆಯಲ್ಲಿ ಗೊಗ್ಯಾಂನ ಸಾಮಾನು ಹರಾಜಾಯಿತು. ಒಂದು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನಯಾಗರಾ ಜಲಪಾತ ಎಂದು ಕೂಗಿದರು. ಸೆಗಾಲೆನ್ ಅದನ್ನು 7 ಫ್ರಾಂಕ್‌ಗೆ ಕೊಂಡ. ನೆಟ್ಟಗೆ ಹಿಡಿದರೆ ಅದು ಹಿಮ ಹೊದ್ದ ಬ್ರಿಟನಿಯ ಹಳ್ಳಿ, ಅವನದೇ ಸೀಮೆ. ಸುಡುವ ದ್ವೀಪದಲ್ಲಿ ನಿಂತು ತನ್ನೂರಿನ ಹಿಮವನ್ನು ಪರರ ಕೈಯಲ್ಲಿ ಕಂಡ ಆ ಗಳಿಗೆ ನನಗೆ ಮರೆಯುವುದಿಲ್ಲ. ಟಹೀಟಿಯ ಮೇಲೆ ಬರೆದ ಕಾದಂಬರಿ 'ಲೇಜಿಮೆಮೊರಿಯೊ' 1907ರಲ್ಲಿ ಮ್ಯಾಕ್ಸ್ ಅನೆಲಿ ಎಂಬ ಹೆಸರಿನಲ್ಲಿ ಬಂತು. ಅದರಲ್ಲಿ ದ್ವೀಪದವರು ಒಳಗಿನವರು, ಹಡಗಿನಲ್ಲಿ ಬಂದ ಪಾದ್ರಿಗಳು ವಿಚಿತ್ರದವರು. ವಂಶಾವಳಿಯನ್ನು ಬಾಯಿಪಾಠ ಹೇಳುವವನೊಬ್ಬ ಒಂದು ಹೆಸರಿನಲ್ಲಿ ತಡವರಿಸುತ್ತಾನೆ, ಅಲ್ಲಿಂದ ಒಂದು ಲೋಕವೇ ಬಿರುಕು ಬಿಡುತ್ತದೆ. ಬೇರೆಯದು ನಮಗೆ ಪೂರ್ತಿ ದಕ್ಕುವುದಿಲ್ಲ, ಆ ದಕ್ಕದಿರುವುದನ್ನೇ ಸವಿಯಬೇಕು ಎಂದು ಅವನು ಹದಿನಾಲ್ಕು ವರ್ಷ ಟಿಪ್ಪಣಿ ಬರೆಯುತ್ತ ಹೋದ. ಆ ಟಿಪ್ಪಣಿಗಳಿಂದ ಆಗಬೇಕಿದ್ದ ಪುಸ್ತಕ ಮುಗಿಯಲೇ ಇಲ್ಲ.

ಇದನ್ನು ಓದಿದ ಮೇಲೆ ನಾನು ಅಡಿಟಿಪ್ಪಣಿ ಹಾಕುವುದನ್ನು ಬಿಟ್ಟೆ. ಒಬ್ಬ ಪ್ರಕಾಶಕರು ಹನ್ನೆರಡು ಕವಿತೆ ನೋಡಿ, ಪ್ರತಿಯೊಂದರ ಕೆಳಗೆ ಅರ್ಥ ಬರೆದುಕೊಟ್ಟರೆ ಹಾಕುತ್ತೇವೆ ಅಂದರು. ನನಗೆ ಬೇಜಾರಾಯಿತು. ಕೊಡಲಿಲ್ಲ.

ಡಾಕ್ಟರ್‌ಗಿರಿ ಅವನನ್ನು ಎಲ್ಲೂ ಬಿಡಲಿಲ್ಲ. ಚೀನೀ ಭಾಷೆ ಕಲಿತು 1909ರಲ್ಲಿ ಚೀನಾಕ್ಕೆ ಹೋದ. 1911ರಲ್ಲಿ ಮಂಚೂರಿಯಾದ ಶ್ವಾಸಕೋಶದ ಪ್ಲೇಗು ಸುಮಾರು 60,000 ಜನರನ್ನು ತಿಂದಾಗ, ಮಹಾಗೋಡೆ ಕಡಲನ್ನು ಮುಟ್ಟುವ ಶಾನ್‌ಹೈಗುವಾನ್‌ನಲ್ಲಿ ಅದನ್ನು ತಡೆಯುವ ಕೆಲಸಕ್ಕೆ ನಿಂತ. ಟಿಯಾಂಜಿನ್‌ನಲ್ಲಿ ವೈದ್ಯಕೀಯ ಪಾಠ ಹೇಳಿದ. 1914ರ ಮಾರ್ಚ್ 6ರಂದು ಶಾಂಕ್ಸಿಯಲ್ಲಿ ಹಾನ್ ಕಾಲದ ದಂಡನಾಯಕ ಹುವೊ ಚೂಬಿಂಗ್‌ನ ಸಮಾಧಿದಿಬ್ಬದ ಬಳಿ, ಶತ್ರುವನ್ನು ತುಳಿದು ನಿಂತ ಕಲ್ಲಿನ ಕುದುರೆಯನ್ನು ಕಂಡು, ಅಳೆದು, ಫೋಟೊ ತೆಗೆದು, ಅದು ಎಷ್ಟು ಪ್ರಾಚೀನವೆಂದು ಪಶ್ಚಿಮದ ವಿದ್ವಾಂಸರಿಗೆ ತಿಳಿಸಿದ. ಅದೇ ಆಗಸ್ಟಿನಲ್ಲಿ ಮೊದಲ ಮಹಾಯುದ್ಧದ ಸುದ್ದಿ ಬಂದು ಅವನಿದ್ದ ಶೋಧನೆಯ ತಂಡ ಅರ್ಧಕ್ಕೆ ಮರಳಿತು. ಕಲ್ಲಿನ ಮುಂದೆ ಅವನು ಮಾಡಿದ್ದು ನಾವು ರೋಗಿಯ ಮುಂದೆ ಮಾಡುವುದನ್ನೇ: ಮೊದಲು ನೋಡು, ಆಮೇಲೆ ಮುಟ್ಟು, ಬರೆದಿಡು, ಅವಸರದಲ್ಲಿ ಹೆಸರಿಡಬೇಡ.

ಕೈಕೆಲಸದ ಮಾತು ಒಂದಿಷ್ಟು. ಅವನ ಪುಟದ ಅಳತೆ, ಚೀನಾದ ಶಿಆನ್ ನಗರದಲ್ಲಿರುವ, ನೆಸ್ಟೋರಿಯನ್ ಎಂಬ ಹಳೆಯ ಕ್ರೈಸ್ತ ಪಂಥದ ಬರಹಗಲ್ಲಿನ ಅನುಪಾತದ್ದು. ನಾನೂ ರಟ್ಟು ಕತ್ತರಿಸಿ ಅದೇ ಅನುಪಾತದ ಚೌಕಟ್ಟು ಮಾಡಿಕೊಂಡು, ಅದರೊಳಗೆ ಪೆನ್ಸಿಲ್ಲಿನಲ್ಲಿ ಬರೆದೆ. ಕನ್ನಡದ ಒತ್ತಕ್ಷರ ಕೆಳಗೆ ಜೋತುಬೀಳುತ್ತದೆ, ಸಾಲುಗಳ ನಡುವೆ ಜಾಗ ಬೇಡುತ್ತದೆ. ಅವನ ಹದಿನಾಲ್ಕು ಸಾಲು ಹಿಡಿಸುವಲ್ಲಿ ನನ್ನದು ಹತ್ತಕ್ಕೇ ತುಂಬುತ್ತಿತ್ತು. ಅಕ್ಷರ ಚಿಕ್ಕದು ಮಾಡದೆ ಪದ ಕಡಿಮೆ ಮಾಡಿದೆ. ದೊಡ್ಡ ಸಂಸ್ಕೃತ ಸಮಾಸಗಳು ಮೊದಲು ಉದುರಿದವು. ಮುಗಿದದ್ದನ್ನೆಲ್ಲ ಊರಿಗೆ ಹೋದಾಗ ಅಕ್ಕನಿಗೆ ಓದಿ ಹೇಳುತ್ತಿದ್ದೆ. ಒಂದನ್ನು ಕೇಳಿ, "ಅಲ್ಲ ಮಾರಾಯ, ಈ ಕಲ್ಲು ಯಾವ ಊರಿಂದು? ನಮ್ಮ ಕಡೇದಲ್ಲ" ಅಂದಳು. ಆ ದಿನ ರಾತ್ರಿ ನೆಮ್ಮದಿಯಿಂದ ನಿದ್ದೆ ಬಂತು.

ಇಲ್ಲಿಯವರೆಗೆ ಇಪ್ಪತ್ತಮೂರು ಕವಿತೆ ಆಗಿವೆ. ಬಹಳ ಕಾಡಿದ್ದು ಸತ್ತವರ ದಾರಿಯ ಕಲ್ಲಿನದು. ಅದರ ಮೇಲೆ ಎಂಟು ದೊಡ್ಡ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಲಾಗಿದೆ. ಕೆತ್ತಿದವನಿಗೆ ಗೊತ್ತಾಗಲಿಲ್ಲ ಎಂದು ದಾರಿಹೋಕರು ಬೈಯುತ್ತಾರೆ. ಆ ಅಕ್ಷರಗಳು ಇರುವುದು ಆಚೆ ಬದಿಯಿಂದ ಓದುವವರಿಗೆ. ನಾನ್‌ಜಿಂಗ್ ಸುತ್ತಿನ ಲಿಯಾಂಗ್ ಕಾಲದ ಸಮಾಧಿಕಂಬಗಳಲ್ಲಿ ಇಂಥ ಕನ್ನಡಿಬರಹ ನಿಜಕ್ಕೂ ಉಂಟು. ನನಗೆ ಎಕ್ಸ್‌ರೇ ನೆನಪಾಯಿತು. ಫಿಲ್ಮಿನ ಮೂಲೆಯ ಅಕ್ಷರ ತಿರುಗಿ ಕಂಡರೆ ನಾವು ಅದನ್ನು ಮಗುಚಿ ಲೈಟಿನ ಮುಂದೆ ಹಿಡಿಯುತ್ತೇವೆ. ಬಟರ್ ಪೇಪರಿನ ಮೇಲೆ ಕವಿತೆಯನ್ನು ದಪ್ಪ ಮಸಿಯಲ್ಲಿ ಬರೆದು, ಬರೆದ ಮುಖ ಹೊರಗಾಗಿ ಊರಿನ ಮನೆಯ ಕಿಟಕಿ ಗಾಜಿಗೆ ಅಂಟಿಸಿದೆ. ಒಳಗೆ ಕೂತ ನನಗೆ ಕನ್ನಡವೇ ಪರಭಾಷೆಯಂತೆ ಕಂಡಿತು, ಕೊಂಬು ಎಡಕ್ಕೆ, ಒತ್ತು ಎಡಕ್ಕೆ. ಒಂದೊಂದೇ ಪದದ ತೂಕ ನೋಡುತ್ತ ಎರಡು ಕಡೆ ತಿದ್ದಿಕೊಂಡೆ. ಅಷ್ಟರಲ್ಲಿ ತೋಟದಿಂದ ಬಂದ ಅಕ್ಕ ಅಂಗಳದಲ್ಲಿ ನಿಂತು, ಗಾಜಿನ ಆಚೆಯಿಂದ, ಒಂದಕ್ಷರವೂ ತಪ್ಪದೆ ಅದನ್ನು ಗಟ್ಟಿಯಾಗಿ ಓದತೊಡಗಿದಳು.