ತಳದ ಮೀನಿಗೆ ಎಂಜಲು ಸಾಲದು

ಮೈಸೂರಿನ ಕುವೆಂಪುನಗರದ ನಮ್ಮ ಮನೆ ಹಾಲ್‌ನಲ್ಲಿ ಮೂರು ಅಡಿಯ ಒಂದು ಗಾಜಿನ ಮೀನು ತೊಟ್ಟಿ ಇದೆ. ಮೇಲೆ ಟೆಟ್ರಾ, ನಡುವೆ ಎರಡು ಏಂಜೆಲ್, ತಳದಲ್ಲಿ ಎಂಟು ಕೋರಿಡೋರಸ್ (ನಾನು ಕೋರಿ ಅನ್ನುತ್ತೇನೆ), ಮರದ ಬೊಡ್ಡೆಗೆ ಅಂಟಿಕೊಂಡ ಒಂದು ಬ್ರಿಸಲ್‌ನೋಸ್. ಕೊನೆಯ ಎರಡೂ ತಳದಲ್ಲಿ ಬದುಕುವ ಕ್ಯಾಟ್‌ಫಿಶ್ ಜಾತಿಯವು. ಈಗ ಎಲ್ಲರ ಹೊಟ್ಟೆಯೂ ತುಂಬಿದೆ. ಆದರೆ ಮೊದಲ ಸಲ ತಂದ ನಾಲ್ಕು ಕೋರಿಗಳನ್ನು ನಾನು ಉಪವಾಸ ಹಾಕಿಯೇ ಕೊಂದೆ. ಗೊತ್ತಿದ್ದು ಮಾಡಿದ್ದಲ್ಲ, ಆದರೂ ಕೊಂದದ್ದು ನಾನೇ.

ಕೊಡುವಾಗ ಅಂಗಡಿಯವರು ಹೇಳಿದ್ದು ಇಷ್ಟು: 'ಇವಕ್ಕೆ ಬೇರೆ ಊಟ ಬೇಡ ಸರ್, ಕೆಳಗೆ ಬಿದ್ದಿದ್ದು ತಿನ್ಕೊಂಡು ತೊಟ್ಟಿ ಕ್ಲೀನ್ ಮಾಡ್ಕೊಂಡಿರ್ತವೆ.' ನಾನು ನಂಬಿದೆ. ಬೆಳಿಗ್ಗೆ ಸಂಜೆ ಫ್ಲೇಕ್ಸ್ (ನೀರಿನ ಮೇಲೆ ತೇಲುವ ತೆಳು ಚೂರಿನ ಊಟ) ಹಾಕುತ್ತಿದ್ದೆ, ಮೇಲಿನ ಮೀನುಗಳು ಅರ್ಧ ನಿಮಿಷದಲ್ಲಿ ಖಾಲಿ ಮಾಡುತ್ತಿದ್ದವು, ಕೆಳಗೆ ಬೀಳುವುದಕ್ಕೆ ಏನೂ ಉಳಿಯುತ್ತಲೇ ಇರಲಿಲ್ಲ. ಕೋರಿಗಳು ಇಡೀ ದಿನ ಮಣ್ಣು ಕೆದಕುತ್ತಿದ್ದವು. ನೋಡಿ ಎಷ್ಟು ಚಟುವಟಿಕೆ ಅಂತ ಖುಷಿಪಡುತ್ತಿದ್ದೆ. ಅವು ಹುಡುಕುತ್ತಿದ್ದದ್ದು ಊಟ. ಎರಡು ತಿಂಗಳಲ್ಲಿ ಒಂದೊಂದೇ ಹೋದವು. ಕೊನೆಯದನ್ನು ಕೈಯಲ್ಲಿ ಹಿಡಿದಾಗ ಹೊಟ್ಟೆ ಒಳಕ್ಕೆ ಹೋಗಿ ಚಮಚದ ಗುಳಿಯ ಹಾಗಿತ್ತು.

ಎರಡನೇ ಸಲ ಅದಕ್ಕೆ ವಿರುದ್ಧದ ತಪ್ಪು. ಕೋರಿಗಳು ಆಗಾಗ ಸರ್ರಂತ ಮೇಲೆ ಬಂದು ಬಾಯಿ ತೆರೆದು ಹೋಗುತ್ತಿದ್ದವು. ಅಯ್ಯೋ ಹಸಿವಾಗಿದೆ ಅಂತ ಇನ್ನೊಂದು ಚಿಟಿಕೆ ಹಾಕುತ್ತಿದ್ದೆ. ಅದು ಹಸಿವಲ್ಲ. ಈ ಮೀನುಗಳು ಗಾಳಿ ನುಂಗಿ ಕರುಳಿನಿಂದಲೂ ಆಮ್ಲಜನಕ ಹೀರಿಕೊಳ್ಳುತ್ತವೆ, ದಿನಕ್ಕೆ ಹಲವು ಸಲ ಹಾಗೆ ಬಂದು ಹೋಗುವುದು ಮಾಮೂಲು. ತೀರಾ ಜಾಸ್ತಿ ಸಲ ಬರುತ್ತಿದ್ದರೆ ನೀರು ಕೆಟ್ಟಿದೆ ಅಂತ ಅರ್ಥ, ಆಗ ಊಟ ಹಾಕಿದರೆ ಇನ್ನೂ ಕೆಡುತ್ತದೆ. ನನಗೆ ಆಗಿದ್ದು ಅದೇ. ಜೊತೆಗೆ ಮನೆ ಕಟ್ಟಿದಾಗ ಉಳಿದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತೊಳೆದು ತಳಕ್ಕೆ ಹಾಕಿದ್ದೆ, ಅದರ ಚೂಪು ಅಂಚು ಒಂದು ಕಡೆ, ಅದರ ಸಂದಿಯಲ್ಲಿ ಕೊಳೆತ ಊಟ ಇನ್ನೊಂದು ಕಡೆ, ಮೀಸೆಗಳು ಸವೆದು ಮೊಂಡಾದವು. ಮೀಸೆ ಇಲ್ಲದ ಕೋರಿಗೆ ಊಟ ಹುಡುಕುವುದೇ ಕಷ್ಟ. ಈಗ ನುಣುಪಾದ ಹೊಳೆ ಮರಳು ಹಾಕಿದ್ದೇನೆ, ಅದೂ ಜರಡಿ ಹಿಡಿದು. ಮರಳನ್ನು ಬಾಯಿಗೆ ತುಂಬಿಕೊಂಡು ಕಿವಿರಿನಿಂದ ಹೊರಗೆ ಬಿಡುವುದನ್ನು ನೋಡುತ್ತಾ ಕೂತರೆ ಟಿವಿ ಬೇಡ.

ಇನ್ನು ಊಟದ ವಿಷಯ. ಎಲ್ಲಾ ಕ್ಯಾಟ್‌ಫಿಶ್‌ಗೂ ಒಂದೇ ಹೊಟ್ಟೆ ಅಲ್ಲ ಅನ್ನುವುದು ಅರ್ಥವಾಗಲು ನನಗೆ ವರ್ಷವೇ ಹಿಡಿಯಿತು. ಕೋರಿ ಎಲ್ಲವನ್ನೂ ತಿನ್ನುತ್ತದೆ, ಆದರೆ ಅದರ ಮನಸ್ಸು ಹುಳು, ಮರಿ ಕೀಟ ಇಂಥದ್ದರ ಮೇಲೆ. ಪಾಚಿ ತಿಂದು ಬದುಕುವ ಮೀನಲ್ಲ ಅದು. ಬ್ರಿಸಲ್‌ನೋಸ್ ಹಾಗಲ್ಲ. ಅದರ ಕರುಳು ಉದ್ದ, ಸುರುಳಿ ಸುತ್ತಿಕೊಂಡಿರುತ್ತದೆ, ಪಾಚಿ, ಸೊಪ್ಪು, ನಾರು ಇದನ್ನೆಲ್ಲಾ ನಿಧಾನಕ್ಕೆ ಅರಗಿಸುವುದಕ್ಕೇ ಇರುವ ಕರುಳು. ದಿನವೂ ಬರೀ ಹುಳು ಹಾಕಿದರೆ ಹೊಟ್ಟೆ ಉಬ್ಬುತ್ತದೆ. ಮರದ ಬೊಡ್ಡೆ ತೊಟ್ಟಿಯಲ್ಲಿ ಇರಲೇಬೇಕು ಅನ್ನುವವನು ನಾನು, ಅದು ರಾತ್ರಿಯೆಲ್ಲಾ ಕೆರೆಯುತ್ತಾ ಇರುತ್ತದೆ.

ಹಾಗಾದರೆ ಅಂಗಡಿಯಲ್ಲಿ ಸಕ್ಕರ್ ಅಂತ ಕೊಡುತ್ತಾರಲ್ಲ, ಅದು? ಅದು ಒಂದು ಅಡಿಗಿಂತ ದೊಡ್ಡದಾಗುವ ಮೀನು, ಮೂರು ಅಡಿ ತೊಟ್ಟಿಗೆ ತರಲೇಬೇಡಿ. ನಾನು ತಂದಿದ್ದೆ. ಏಂಜೆಲ್‌ನ ಮೈಮೇಲೆ ಬಿಳಿ ಮಚ್ಚೆ ಬಂತು, ರೋಗ ಅಂತ ಔಷಧಿ ಹಾಕಿದೆ, ಹೋಗಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಸುಮ್ನೆ ಟಾರ್ಚ್ ಬಿಟ್ಟು ನೋಡಿದರೆ ಸಕ್ಕರ್ ಏಂಜೆಲ್‌ನ ಪಕ್ಕೆಗೆ ಅಂಟಿಕೊಂಡು ಮೈಯ ಲೋಳೆ ಹೀರುತ್ತಿದೆ! ಅದರದೂ ತಪ್ಪಲ್ಲ, ಹೊಟ್ಟೆಗಿಲ್ಲ ಪಾಪ. ದೊಡ್ಡ ತೊಟ್ಟಿ ಇದ್ದ ಸ್ನೇಹಿತರಿಗೆ ಕೊಟ್ಟೆ. ಕೆರೆಗೋ ಕಾವೇರಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತೇನೆ ಅಂತ ಮಾತ್ರ ಹೊರಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ನೀರಿನಲ್ಲಿ ಬೆಳೆದು ನಮ್ಮ ಮೀನುಗಳ ಜಾಗ ತಿನ್ನುತ್ತದೆ.

ಈಗ ನಾನು ಮಾಡುವುದು ಹೀಗೆ. ರಾತ್ರಿ ಎಂಟೂವರೆಗೆ ತೊಟ್ಟಿಯ ಎಡಗಡೆ ಫ್ಲೇಕ್ಸ್ ಹಾಕುತ್ತೇನೆ. ಮೇಲಿನವರೆಲ್ಲಾ ಅಲ್ಲಿ ಮುತ್ತಿಕೊಂಡಾಗ ಬಲಗಡೆ ಮುಳುಗುವ ಪೆಲೆಟ್ (ಗುಳಿಗೆಯಂಥ ಊಟ), ತಕ್ಷಣ ಲೈಟ್ ಆಫ್. ಎಂಟು ಕೋರಿಗೆ ಚಿಕ್ಕ ಪೆಲೆಟ್ ಹದಿನೈದರಿಂದ ಇಪ್ಪತ್ತು. ಅದೂ ಒಂದೇ ಕಡೆ ಅಲ್ಲ, ಮೂರು ನಾಲ್ಕು ಜಾಗದಲ್ಲಿ ಬೀಳಬೇಕು, ಇಲ್ಲದಿದ್ದರೆ ಮೆತ್ತಗಿರುವ ಒಂದೆರಡಕ್ಕೆ ಸಿಗುವುದೇ ಇಲ್ಲ. ಪ್ಯಾಕೆಟ್ ಹಿಂದೆ ಮೊದಲು ಮೀನಿನ ಪುಡಿಯೋ ಸಿಗಡಿಯೋ ಬರೆದಿದ್ದರೆ ತರುತ್ತೇನೆ, ಗೋಧಿ ಹಿಟ್ಟು ಮೊದಲಿದ್ದರೆ ಅಲ್ಲೇ ಬಿಡುತ್ತೇನೆ. ದೊಡ್ಡ ಡಬ್ಬದಿಂದ ಕವರಿಗೆ ಸುರಿದು ಕೊಡುವ ಊಟ ಅಗ್ಗ ನಿಜ, ಆದರೆ ಗಾಳಿಗೆ ತೆರೆದಿಟ್ಟ ಊಟದಲ್ಲಿ ವಿಟಮಿನ್ ಸಿ ಬೇಗ ಹಾಳಾಗುತ್ತದೆ, ಕೊಬ್ಬು ಮುಗ್ಗುತ್ತದೆ. ಚಿಕ್ಕ ಪ್ಯಾಕೆಟ್ ತಂದು ಎರಡು ಮೂರು ತಿಂಗಳಲ್ಲಿ ಮುಗಿಸುವುದು ವಾಸಿ.

ವಾರಕ್ಕೆ ಎರಡು ದಿನ ಹುಳು. ಮೊದಲು ಜೀವಂತ ಟ್ಯುಬಿಫೆಕ್ಸ್ ತರುತ್ತಿದ್ದೆ. ಅವು ಚರಂಡಿಯಂಥ ಕೊಳಕು ನೀರಿನಲ್ಲಿ ಬೆಳೆಯುವ ಹುಳು. ಒಂದು ಸಲ ಹಾಕಿದ ಕೆಲವೇ ದಿನದಲ್ಲಿ ಎರಡು ಕೋರಿಗಳ ಹೊಟ್ಟೆ ಕೆಂಪಾಯಿತು, ಅಲ್ಲಿಗೆ ಸಾಕು ಅಂದೆ. ಈಗ ಫ್ರೋಜನ್ ಬ್ಲಡ್‌ವರ್ಮ್ (ಸೊಳ್ಳೆಯಂಥ ಒಂದು ಕೀಟದ ಕೆಂಪು ಮರಿ) ಒಂದು ತುಂಡು ಲೋಟದಲ್ಲಿ ಕರಗಿಸಿ, ಟೀ ಸೋಸುವ ಜರಡಿಯಲ್ಲಿ ತೊಳೆದು ಹಾಕುತ್ತೇನೆ (ಆ ಜರಡಿ ಬೇರೆ, ಅಮ್ಮ ಕೇಳಿದರೆ ಹೇಳಿಬಿಡಿ). ಮಳೆಗಾಲದಲ್ಲಿ ಮಂಡ್ಯದ ಹತ್ತಿರ ಅಜ್ಜಿಯ ಹಿತ್ತಲಿಂದ ಎರೆಹುಳು ತರುವುದೂ ಉಂಟು, ಔಷಧಿ ಹೊಡೆಯದ ಜಾಗದ್ದು ಮಾತ್ರ. ಒಂದು ರಾತ್ರಿ ಒದ್ದೆ ಗೋಣಿಯಲ್ಲಿಟ್ಟು ಹೊಟ್ಟೆಯ ಮಣ್ಣು ಖಾಲಿಯಾದ ಮೇಲೆ ಸಣ್ಣಗೆ ಹೆಚ್ಚಿ ಹಾಕಿದರೆ ಕೋರಿಗಳಿಗೆ ಹಬ್ಬ. ಎರೆಗೊಬ್ಬರದ ಗುಂಡಿಯ ಕೆಂಪು ಹುಳು ಮಾತ್ರ ಉಗಿದುಬಿಟ್ಟವು, ಅದು ಬಿಡುವ ರಸದ ವಾಸನೆ ಹಿಡಿಸಲಿಲ್ಲ ಅಂತ ಕಾಣುತ್ತೆ.

ಒಂದು ಹುಚ್ಚು ಪ್ರಯೋಗವೂ ಆಯಿತು. ಮಳವಳ್ಳಿ ಕಡೆ ನಮ್ಮ ಮಾವ ರೇಷ್ಮೆ ಬೆಳೆಯುತ್ತಾರೆ. ನೂಲು ತೆಗೆದ ಮೇಲೆ ಗೂಡಿನೊಳಗೆ ಉಳಿಯುವ ಹುಳುವನ್ನು ಮೀನಿನ ಮೇವಿಗೆ ಕೊಳ್ಳುತ್ತಾರೆ ಅಂತ ಹೇಳಿ, ಅವರಿಗೆ ಪರಿಚಯದ ರೀಲರ್ ಹತ್ತಿರ ಒಂದು ಕವರ್ ಒಣಗಿದ್ದು ಕೊಡಿಸಿದರು. ಪ್ರೋಟೀನ್ ಭರ್ತಿ ಇದೆ, ಸರಿ. ಆದರೆ ಒಣ ತೂಕದ ಕಾಲು ಭಾಗದಷ್ಟು ಕೊಬ್ಬು. ಪುಡಿ ಮಾಡಿ ಹಾಕಿದ್ದೇ ತಡ, ನೀರಿನ ಮೇಲೆ ಎಣ್ಣೆ ಪದರ, ಮನೆ ತುಂಬಾ ವಾಸನೆ. 'ನಿನ್ನ ಮೀನಿನ ಜೊತೆ ನೀನೂ ಟೆರೇಸ್ ಮೇಲೆ ಮಲಗು' ಅಂದರು ಅಮ್ಮ. ಕೆರೆಯಲ್ಲಿ ಮೀನು ಸಾಕುವವರಿಗೆ ಅದು ಸರಿ, ಹಾಲ್‌ನ ತೊಟ್ಟಿಗಲ್ಲ.

ತರಕಾರಿ ದೇವರಾಜ ಮಾರುಕಟ್ಟೆಯಿಂದ ಮನೆಗೆ ಬರುವುದರಲ್ಲೇ ಒಂದು ಹೋಳು. ಎಲ್ಲರೂ ಸೌತೆಕಾಯಿ ಅನ್ನುತ್ತಾರೆ, ಅದರಲ್ಲಿ ಹೆಚ್ಚೂ ಕಡಿಮೆ ನೀರೇ ಇರುವುದು. ನನ್ನ ಬ್ರಿಸಲ್‌ನೋಸ್‌ಗೆ ಸಿಹಿಗುಂಬಳ, ಸೀಮೆಬದನೆ, ಹುರುಳಿಕಾಯಿ ಇಷ್ಟ. ಎರಡು ನಿಮಿಷ ಬೇಯಿಸಿ, ಉಪ್ಪು ಹಾಕದೆ, ಸ್ಟೀಲ್ ಫೋರ್ಕಿಗೆ ಚುಚ್ಚಿ ರಾತ್ರಿ ಮುಳುಗಿಸಿದರೆ ಬೆಳಿಗ್ಗೆ ಸಿಪ್ಪೆ ಉಳಿದಿರುತ್ತದೆ. ಬೆಳಿಗ್ಗೆ ತೆಗೆಯಲೇಬೇಕು. ರಸ್ತೆಬದಿಯ ಕಾಡುಬಾದಾಮಿ ಮರದ ಒಣಗಿ ಉದುರಿದ ಎಲೆ ತೊಳೆದು ಹಾಕಿದರೆ, ಎಲೆ ಕೊಳೆಯುತ್ತಾ ಅದರ ಮೇಲೆ ಕೂರುವ ಲೋಳೆಪದರವನ್ನು ಎಲ್ಲಾ ಸೇರಿ ಮೇಯುತ್ತವೆ. ಅಂಗಡಿಯಲ್ಲಿ ಇದನ್ನೇ ಪ್ಯಾಕ್ ಮಾಡಿ ದುಡ್ಡಿಗೆ ಮಾರುತ್ತಾರೆ, ನಗು ಬರುತ್ತದೆ.

ಕೋರಿ, ಬ್ರಿಸಲ್‌ನೋಸ್ ಇಬ್ಬರಿಗೂ ಹೊಂದುವ ಹಾಗೆ ತಿಂಗಳಿಗೊಮ್ಮೆ ಮನೆಯಲ್ಲೇ ಒಂದು ಜೆಲ್ ಮಾಡುತ್ತೇನೆ. ಸಿಪ್ಪೆ ತೆಗೆದ ಸಿಗಡಿ 100 ಗ್ರಾಂ, ಬೇಯಿಸಿ ಸಿಪ್ಪೆ ಬಿಡಿಸಿದ ಬಟಾಣಿ 50 ಗ್ರಾಂ, ಬೆಂದ ಸಿಹಿಗುಂಬಳ 50 ಗ್ರಾಂ, ಒಂದು ಚಮಚ ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ, ಎಲ್ಲಾ ರುಬ್ಬಿ ಇಟ್ಟುಕೊಳ್ಳಿ. ಒಂದು ಲೋಟ ನೀರಿಗೆ ಎರಡು ಚಮಚ ಚೈನಾ ಗ್ರಾಸ್ ಪುಡಿ ಹಾಕಿ ಚೆನ್ನಾಗಿ ಕುದಿಸಿ. ಕುದಿಯುವಾಗಲೇ ರುಬ್ಬಿದ್ದು ಸೇರಿಸಬೇಡಿ, ವಿಟಮಿನ್ ಹೋಗುತ್ತದೆ. ಪೂರ್ತಿ ಆರಲೂ ಬಿಡಬೇಡಿ, 40 ಡಿಗ್ರಿ ಹತ್ತಿರ ಬಂದರೆ ಗಟ್ಟಿಯಾಗಿಬಿಡುತ್ತದೆ. ಕೈಗೆ ತಡೆಯುವಷ್ಟು ಬಿಸಿ ಇದ್ದಾಗ ಕಲಸಿ ತಟ್ಟೆಗೆ ಸುರಿದು, ಮೈಸೂರು ಪಾಕ್ ಥರ ಹೋಳು ಮಾಡಿ ಫ್ರೀಜರ್‌ಗೆ. ಜೆಲಾಟಿನ್‌ನಲ್ಲೂ ಮಾಡಿ ನೋಡಿದೆ, ನಮ್ಮ ಏಪ್ರಿಲ್ ಬಿಸಿಲಿಗೆ ತೊಟ್ಟಿ ನೀರೇ 29 ಡಿಗ್ರಿ ಆದಾಗ ಅದು ಕರಗಿ ನೀರು ಗಂಜಿಯಾಯಿತು. ಚೈನಾ ಗ್ರಾಸ್ ಕರಗುವುದಿಲ್ಲ. ಮಿಕ್ಸಿಗೆ ಹಳೆಯ ಜಾರ್ ಒಂದನ್ನು ಬೇರೆ ಇಟ್ಟುಕೊಳ್ಳಿ, ಚಟ್ನಿಗೆ ಸಿಗಡಿ ವಾಸನೆ ಬಂದ ದಿನದ ಕಥೆ ಇಲ್ಲಿ ಬೇಡ.

ಶನಿವಾರ ಅಮ್ಮನ ಒಪ್ಪತ್ತು, ಮೀನಿಗೆ ಪೂರ್ತಿ ಉಪವಾಸ. ಭಾನುವಾರ ಕಾಲು ಭಾಗ ನೀರು ಬದಲು. ಅಳತೆ ಸರಿಯಾಗಿದೆಯಾ ಅಂತ ನೋಡಲು ಚಮಚ ಬೇಡ, ಕೋರಿ ಗಾಜಿನ ಹತ್ತಿರ ಬಂದಾಗ ಪಕ್ಕದಿಂದ ಹೊಟ್ಟೆ ನೋಡಿ. ಸ್ವಲ್ಪ ದುಂಡಗಿದ್ದರೆ ಸರಿ, ಚಪ್ಪಟೆಯಾದರೆ ಜಾಸ್ತಿ ಮಾಡಿ, ಅರ್ಧ ಗಂಟೆ ಆದರೂ ಪೆಲೆಟ್ ಹಾಗೇ ಬಿದ್ದಿದ್ದರೆ ಕಡಿಮೆ ಮಾಡಿ.

ಊರಿಗೆ ಹೋಗುವಾಗಲೇ ಫಜೀತಿ. ದಷ್ಟಪುಷ್ಟ ಮೀನು ನಾಲ್ಕೈದು ದಿನ ಊಟವಿಲ್ಲದೆ ಆರಾಮಾಗಿ ಇರುತ್ತದೆ, ಯಾರಿಗೂ ಬೀಗದ ಕೈ ಕೊಡುವುದು ಬೇಡ. ಹತ್ತು ದಿನಕ್ಕೆ ಹೋದಾಗ ಪಕ್ಕದ ಮನೆ ಅಂಕಲ್‌ಗೆ ಡಬ್ಬಿ ಕೊಟ್ಟು ಹೋಗಿದ್ದೆ, ಅವರು ಪ್ರೀತಿಯಿಂದ ಎರಡೇ ದಿನಕ್ಕೆ ಅರ್ಧ ಡಬ್ಬಿ ಸುರಿದಿದ್ದರು. ಈಗ ಅಪ್ಪನ ಹಳೆಯ ಮಾತ್ರೆ ಡಬ್ಬಿಯಲ್ಲಿ ಮೂರು ಖಾನೆ ಮಾತ್ರ ತುಂಬಿ, ಉಳಿದ ಪ್ಯಾಕೆಟ್ ಎಲ್ಲಾ ಬೀರುವಿನಲ್ಲಿಟ್ಟು ಬೀಗ ಹಾಕಿ ಹೋಗುತ್ತೇನೆ.