ಮಕ್ಕಳ ಸೈಕಲ್‌ಗೆ ಬೀಗ ಹಾಕಿದ ಮೇಲೆ

ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಮಕ್ಕಳು ಸೈಕಲ್ಲಿನಲ್ಲೇ ಶಾಲೆಗೆ ಬರಲಿ ಅಂತ ಕೆಲವು ವರ್ಷಗಳಿಂದ ಹಿಂದೆ ಬಿದ್ದಿದ್ದೇನೆ. ಹಾಗೇ, ನಿಯಮ ಮುರಿದವರ ಸೈಕಲ್‌ಗೆ ಒಂದು ದಿನ ಬೀಗವನ್ನೂ ಹಾಕುತ್ತೇನೆ. 'ಬರೋದೇ ನಾಲ್ಕು ಜನ, ಅವರನ್ನೂ ಹೆದರಿಸಿದ್ರೆ ಹೇಗೆ ಸರ್?' ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರಿದ್ದಾರೆ. ಆದರೆ ಬೀಗ ಶುರುವಾದ ಮೇಲೆ ಸೈಕಲ್ಲುಗಳು ಜಾಸ್ತಿಯೇ ಆದವು.

ಮಕ್ಕಳಿಗೆ ಸೈಕಲ್ ಅಂದರೆ ಮೊದಲಿಂದ ಇಷ್ಟವೇ. ಬೇಡ ಅನ್ನುವವರು ಮನೆಯವರು. ಗೋಪಾಳದಿಂದಲೋ ವಿನೋಬನಗರದಿಂದಲೋ ಬರುವ ಮಗು ಬಸ್ಸು ಲಾರಿಗಳ ಮಧ್ಯೆ ಹೇಗೆ ಬರುತ್ತದೋ ಎಂಬ ಭಯ. ಆ ಭಯಕ್ಕೆ ಒಂಬತ್ತನೇ ಕ್ಲಾಸಿನವನ ಕೈಗೆ ಸ್ಕೂಟರ್ ಕೊಟ್ಟುಬಿಡುತ್ತಾರೆ! ಪೋಷಕರ ಸಭೆಯಲ್ಲಿ ನಾನು ಮೊದಲು ಹೇಳುವುದೇ ಮೋಟಾರು ವಾಹನ ಕಾಯ್ದೆಗೆ ಬಂದ 2019ರ ತಿದ್ದುಪಡಿ. ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಸೈಕಲ್‌ಗೆ ಲೈಸೆನ್ಸೂ ಬೇಡ, ಇನ್ಶೂರೆನ್ಸೂ ಬೇಡ. 'ಅದೆಲ್ಲಾ ಸರಿ ಮೇಷ್ಟ್ರೇ, ನಮ್ಮ ಹುಡುಗ ನೆಟ್ಟಗೆ ಓಡಿಸ್ತಾನಾ?' ಎಂದು ಒಬ್ಬ ತಂದೆ ಕೇಳಿದರು. ಅವರಿಗೆ ಉತ್ತರ ಕೊಡಬೇಕಿತ್ತು.

ಹಾಗಾಗಿ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಒಂದು ಸರ್ಕಲ್ ಮಾಡಿದೆ. ಸರ್ಕಲ್ ಒಳಗಿರುವ ಗಾಡಿಗೆ ಮೊದಲು ದಾರಿ ಬಿಡಬೇಕು, ಇದನ್ನು ಬೈಕಿನವರೇ ಪಾಲಿಸುವುದಿಲ್ಲ. ಮಕ್ಕಳಿಗೆ ತುಂಬಾ ಕಷ್ಟವಾದದ್ದು ಬಲಕ್ಕೆ ತಿರುಗುವುದು. ಹಿಂದೆ ನೋಡಿದ ಕೂಡಲೇ ಹ್ಯಾಂಡಲ್ಲೂ ಆ ಕಡೆಗೇ ವಾಲುತ್ತದೆ. ನಾನು ಹಿಂದೆ ನಿಂತು ಬೆರಳು ತೋರಿಸುತ್ತೇನೆ. ಗೆರೆ ಬಿಡದೆ, ಬಲ ಭುಜದ ಮೇಲಿಂದ ನೋಡಿ, ಎಷ್ಟು ಬೆರಳು ಅಂತ ಕೂಗಿ ಹೇಳಬೇಕು. ಆಮೇಲೆ ಕೈ ಚಾಚಬೇಕು. ಇದು ಬಂದರೆ ಮಾತ್ರ ರಸ್ತೆಗೆ ಬಿಡುವುದು.

ಬೀಗ ಬೀಳುವುದು ರಾಂಗ್ ಸೈಡಿಗೆ, ಕೆಂಪು ಸಿಗ್ನಲ್ ದಾಟಿದ್ದಕ್ಕೆ, ಡಬಲ್ಸಿಗೆ. ಮಳೆಗಾಲದಲ್ಲಿ ಕೊಡೆಗೂ ಬೀಳುತ್ತದೆ. ಮಲೆನಾಡಿನಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹ್ಯಾಂಡಲ್ ಹಿಡಿದು ಹೋಗುವುದು ಎಲ್ಲರಿಗೂ ರೂಢಿ. ಆದರೆ ಒದ್ದೆಯಾದ ರಿಮ್ಮಿಗೆ ಬ್ರೇಕ್ ರಬ್ಬರ್ ಬೇಗ ಹಿಡಿಯುವುದಿಲ್ಲ. ಎರಡು ಕೈಯಲ್ಲಿ, ಮೊದಲೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಒಂದು ಕೈಯಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಜೂನ್ ಬಂತೆಂದರೆ ಕೊಡೆ ಬ್ಯಾಗಿಗೆ, ಮೈಮೇಲೆ ರೇನ್‌ಕೋಟು. ರಬ್ಬರಿನ ಗೆರೆಗಳು ಸವೆದಿದ್ದರೆ ಹೊಸದು ಹಾಕಿಸಿಕೊಂಡೇ ಬರಬೇಕು.

ಇಷ್ಟು ಬಿಗಿ ಯಾಕೆ ಅಂದರೆ, ಸೈಕಲ್ ಮೋಟಾರು ವಾಹನವಲ್ಲ. 1988ರ ಕಾಯ್ದೆಯ ದಂಡಗಳು ಬಹುಪಾಲು ಅದಕ್ಕೆ ತಾಗುವುದಿಲ್ಲ. ಪೊಲೀಸರು ನೋಡಿಯೂ ಸುಮ್ನಾಗುತ್ತಾರೆ. ಲಾರಿ ಸುಮ್ನಾಗುವುದಿಲ್ಲ ಅಲ್ವಾ?

ಮಕ್ಕಳೂ ನನ್ನನ್ನು ಕೇಳಿದರು: 'ಸರ್, ಎಡಗಡೆ ಹೋಗಿ ಅಂತೀರಿ, ಎಡಗಡೆ ಪೂರ್ತಿ ಕಾರು ನಿಂತಿರುತ್ತಲ್ಲ?' ಅವರ ಮಾತು ನ್ಯಾಯವಾದದ್ದು. ಸೈಕಲ್ಲಿಗೆಂದೇ ಬಿಟ್ಟ ಜಾಗದಲ್ಲೂ ಕಾರು ನಿಲ್ಲಿಸುತ್ತಾರೆ, ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಕ್ಕಳಿಂದಲೇ ಅರ್ಜಿ ಬರೆಸಿ, ಅವರನ್ನೇ ಕರೆದುಕೊಂಡು ಟ್ರಾಫಿಕ್ ಠಾಣೆಗೆ ಹೋದೆ. ಈಗ ಶಾಲೆ ಬಿಡುವ ಹೊತ್ತಿಗೆ ಒಬ್ಬ ಕಾನ್‌ಸ್ಟೇಬಲ್ ಬಂದು ಗಾಡಿ ತೆಗೆಸುತ್ತಾರೆ. ಅದಾದ ಮೇಲೆ ಮಕ್ಕಳು ಬೀಗದ ಬಗ್ಗೆ ಗೊಣಗುವುದನ್ನು ಬಿಟ್ಟರು.

ಇನ್ನು ಆಗಬೇಕಾದ್ದು ಸಂಜೆ ಟ್ಯೂಷನ್ನಿನ ಹೊತ್ತಿನದು. ಮೋಡ ಕವಿದರೆ ಆರು ಗಂಟೆಗೇ ಕತ್ತಲು. ಹಿಂದಿನ ಕೆಂಪು ಲೈಟು ಎಲ್ಲ ಸೈಕಲ್ಲಿಗೂ ಬೇಕೇ ಬೇಕು. ಕೊಳ್ಳಲಾಗದ ಮಕ್ಕಳಿಗೆ ಹಳೆಯ ವಿದ್ಯಾರ್ಥಿಗಳಿಂದ ಕೊಡಿಸಲು ಓಡಾಡುತ್ತಿದ್ದೇನೆ. ಎಲ್ಲರ ಕೈಗೂ ಲೈಟು ಸಿಕ್ಕ ಮೇಲೆ ಅದನ್ನೂ ಬೀಗದ ಪಟ್ಟಿಗೆ ಸೇರಿಸುತ್ತೇನೆ.