ಏಟು ಬಿದ್ದ ಮೇಲೆ ಏನಾಯಿತು? ಮಕ್ಕಳ ಶೋ ಆರಿಸುವ ನನ್ನ ಅನುಭವ

ಹೊಡೆದಾಟ ಇರುವ ಶೋಗಳಲ್ಲಿ ಚಿಕ್ಕ ಮಕ್ಕಳಿಗೆ ಯಾವುದು ಪರವಾಗಿಲ್ಲ, ಯಾವುದು ಬೇಡ ಅಂತ ತೀರ್ಮಾನಿಸುವ ನನ್ನ ಪದ್ಧತಿ ಕೊನೆಗೂ ಕೈಹಿಡಿದಿದೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಹೆಚ್ಚುಕಡಿಮೆ ಒಂದು ವರ್ಷದಿಂದ ರಿಮೋಟ್‌ಗಾಗಿ ರಂಪ ಇಲ್ಲ, ನಡುರಾತ್ರಿ ಎದ್ದು ಕೂರುವುದಿಲ್ಲ. ಸೋಫಾ ಮೇಲಿಂದ ಅಕ್ಕನ ಬೆನ್ನಿಗೆ ಹಾರುವುದು ಪೂರ್ತಿ ನಿಂತಿಲ್ಲ, ಆದರೆ ತುಂಬಾ ಕಮ್ಮಿಯಾಗಿದೆ. ಶುರು ಮಾಡಿದಾಗ ಎಲ್ಲರೂ ನಕ್ಕಿದ್ದರು. "ನಾವೆಲ್ಲ ಇಂಥದ್ದನ್ನೇ ನೋಡಿ ಬೆಳೆದಿಲ್ವಾ?" ಅಂದವರು ಒಬ್ಬಿಬ್ಬರಲ್ಲ. "ನೋಟ್‌ಬುಕ್ ಹಿಡಿದು ಕಾರ್ಟೂನ್ ನೋಡೋನು ನೀನೊಬ್ಬನೇ ಕಣೋ" ಅಂತ ನಮ್ಮಕ್ಕ ಈಗಲೂ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ. ಅವಳ ಮಗನಿಗೂ ಈಗ ನನ್ನ ಪಟ್ಟಿಯೇ ಗತಿ.

ಮಕ್ಕಳಿಗೇ ಬೇರೆ ಕಿಡ್ಸ್ ಪ್ರೊಫೈಲ್, ಬೀಗದ ಹಾಗೆ ಪಿನ್, ಮುಂದಿನ ಕಂತು ತಾನಾಗೇ ಓಡದ ಹಾಗೆ ಆಟೋಪ್ಲೇ ಆಫ್ ಇವನ್ನೆಲ್ಲ ನೀವು ಮಾಡಿಯೇ ಇರುತ್ತೀರಿ. ಅದನ್ನು ಮತ್ತೆ ಹೇಳಲ್ಲ. ಮೊದಲು ದುಡ್ಡು ಕಳೆದ ಕಥೆ ಹೇಳಿಬಿಡುತ್ತೇನೆ.

ಮೊದಲು ಕೈಸುಟ್ಟಿದ್ದು ವೈಫೈ ರೂಟರ್‌ನಲ್ಲೇ ಕೂತು ಕೆಟ್ಟದ್ದನ್ನು ತಡೆಯುತ್ತೇವೆ ಅನ್ನುವ ಒಂದು ಸೇವೆಯಲ್ಲಿ. ಇಡೀ ವರ್ಷದ ಚಂದಾ ಒಟ್ಟಿಗೆ ಕಟ್ಟಿದೆ. ಅದು ಕೆಟ್ಟ ಸೈಟುಗಳನ್ನು ತಡೆಯುತ್ತಿತ್ತು, ನಿಜ. ನಮ್ಮ ತಲೆನೋವು ಇದ್ದದ್ದು ಮಕ್ಕಳ ವಿಭಾಗದ ಒಳಗೇ. ಅಲ್ಲಿ ಯಾವ ಶೋ ಓಡುತ್ತಿದೆ ಅಂತ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಆಮೇಲೆ ಮಕ್ಕಳಿಗೆಂದೇ ಮಾಡಿದ ಒಂದು ಆ್ಯಪ್. ಜಾಹೀರಾತು ಇಲ್ಲ, ಎಲ್ಲ ಚೆನ್ನಾಗಿತ್ತು, ಆದರೆ ಪೂರಾ ಶಿಶುಗೀತೆ. ಮಗಳು ಒಂದು ವಾರಕ್ಕೇ ಅದರ ಸಹವಾಸ ಬಿಟ್ಟಳು. ಮೂರನೆಯದು, "ಕಲಿಕೆಯ ಶೋ" ಜಾಸ್ತಿ ಇವೆ ಅಂತ ತಗೊಂಡ ಇನ್ನೊಂದು ಚಂದಾ. ಆ ಕಥೆ ಮುಂದೆ ಬರುತ್ತದೆ. ಮೂರಕ್ಕೂ ಸುರಿದ ದುಡ್ಡಲ್ಲಿ ಇಬ್ಬರಿಗೂ ಒಂದೊಂದು ಸೈಕಲ್ ಬಂದು ಚಿಲ್ಲರೆ ಉಳಿಯುತ್ತಿತ್ತು.

ಪಿನ್ ಅಂತೂ ಸುಮ್ನೆ. ನನ್ನ ಮಗನಿಗೆ ಆಗ ಅಂಕಿ ಸರಿಯಾಗಿ ಬರುತ್ತಿರಲಿಲ್ಲ. ಅವನು ನೋಡಿದ್ದು ನನ್ನ ಹೆಬ್ಬೆರಳನ್ನು. ರಿಮೋಟ್‌ನಲ್ಲಿ ಎರಡು ಸಲ ಮೇಲೆ, ಒಂದು ಸಲ ಬಲಕ್ಕೆ, ಒತ್ತು, ಮತ್ತೆ ಕೆಳಗೆ... ಹಾಡು ಬಾಯಿಪಾಠ ಮಾಡಿದ ಹಾಗೆ ಅದನ್ನು ಕಲಿತುಬಿಟ್ಟಿದ್ದ. ಈಗ ಪಿನ್ ಹಾಕುವ ರೀತಿಯೇ ಬೇರೆ. ಅದನ್ನು ಇಲ್ಲಿ ಬರೆಯಲ್ಲ, ಬರೆದರೆ ಪಿನ್ ಯಾಕೆ ಬೇಕು?

ಆಮೇಲೆ ಹೊಡೆದಾಟದ ಶೋಗಳಿಗೆ ಪೂರ್ತಿ ನಿಷೇಧ. ಅದೂ ತಿಂಗಳೊಪ್ಪತ್ತು ನಿಲ್ಲಲಿಲ್ಲ. ಮಗಳು ಗೆಳತಿಯ ಮನೆಯಲ್ಲಿ ನೋಡಿ ಬಂದಳು. ಅದಕ್ಕಿಂತ ಕೆಟ್ಟದ್ದು ಅಂದರೆ ನೋಡಿದ್ದನ್ನು ನನಗೆ ಹೇಳುವುದು ಬಿಟ್ಟಳು. ಎಚ್ಚರಿಕೆಯ ಚೀಟಿ ಅಂಟಿಸಿದ ಕಾರ್ಯಕ್ರಮದ ಮೇಲೆ ಹುಡುಗರಿಗೆ ಆಸೆ ಇನ್ನೂ ಜಾಸ್ತಿಯಾಗುತ್ತದೆ ಅಂತ ಅಮೆರಿಕದವರು 1990ರ ದಶಕದಲ್ಲೇ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹುಡುಗಿಯರೂ ಕಮ್ಮಿ ಇಲ್ಲ ಅಂತ ನಮ್ಮ ಮನೆಯ ಫಲಿತಾಂಶ.

ವಯಸ್ಸಿನ ರೇಟಿಂಗ್ ನಂಬಬಹುದಲ್ವಾ ಅಂತ ಕೇಳುವವರಿದ್ದಾರೆ. ಅಮೆರಿಕದಲ್ಲಿ ಇದಕ್ಕೆ ಕಾನೂನೇ ಇದೆ. 1996ರ ಕಾಯ್ದೆಯ ಪ್ರಕಾರ 2000ದಿಂದ 13 ಇಂಚು ಮತ್ತು ಅದಕ್ಕಿಂತ ದೊಡ್ಡ ಟಿವಿಗಳಲ್ಲೆಲ್ಲ ವಿ-ಚಿಪ್ ಅನ್ನುವುದು ಇರಲೇಬೇಕು. ಅಪ್ಪ ಅಮ್ಮ ಸೆಟ್ ಮಾಡಿಟ್ಟರೆ, ರೇಟಿಂಗ್ ನೋಡಿ ಕಾರ್ಯಕ್ರಮವನ್ನು ಅದೇ ತಡೆಯುತ್ತದೆ. ಏಳು ವರ್ಷ ಮೇಲ್ಪಟ್ಟವರ ಶೋಗಳಲ್ಲಿ ಕಲ್ಪನೆಯ ಹೊಡೆದಾಟ ಜೋರಾಗಿದ್ದರೆ 'ಎಫ್‌ವಿ' ಅಂತ ಬೇರೆ ಗುರುತು ಹಾಕುತ್ತಾರೆ. ಇಷ್ಟೆಲ್ಲ ಇದ್ದರೂ ರೇಟಿಂಗ್ ಹೇಳುವುದು ಹೊಡೆದಾಟ ಇದೆ ಅಂತ ಮಾತ್ರ. ಹೊಡೆದವನ ಗತಿ ಏನಾಯಿತು ಅಂತ ಅದು ಹೇಳುವುದಿಲ್ಲ. ನನಗೆ ಬೇಕಾದದ್ದು ಅದೇ.

ಇದು ನನ್ನ ಸ್ವಂತ ಸಂಶೋಧನೆ ಏನಲ್ಲ. 1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಟಿವಿ ಹಿಂಸೆಯ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ನೂರಕ್ಕೆ ಅರವತ್ತರಷ್ಟು ಕಾರ್ಯಕ್ರಮಗಳಲ್ಲಿ ಹಿಂಸೆ ಇತ್ತು. ಅದು ಬಿಡಿ, ಗೊತ್ತಿದ್ದದ್ದೇ. ಅರ್ಧಕ್ಕಿಂತ ಜಾಸ್ತಿ ಕಡೆ ಏಟು ತಿಂದವನಿಗೆ ನೋವೇ ಇಲ್ಲ. ಮುಕ್ಕಾಲು ಪಾಲು ದೃಶ್ಯಗಳಲ್ಲಿ ಹೊಡೆದವನಿಗೆ ಅಲ್ಲೇ ಯಾವ ಶಿಕ್ಷೆಯೂ ಇಲ್ಲ. ಹೊಡೆಯುವವರಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿ 'ಒಳ್ಳೆಯವರು'. ಇದನ್ನು ಓದಿದ ದಿನವೇ ಏಟು ಎಣಿಸುವುದು ಬಿಟ್ಟೆ.

ಬಂಡೂರಾ ಅನ್ನುವ ಮನೋವಿಜ್ಞಾನಿಯ ಗೊಂಬೆ ಪ್ರಯೋಗ ಕೆಲವರಿಗೆ ಗೊತ್ತಿರಬಹುದು, 1961ರದ್ದು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆದಿದ್ದರು. ನನಗೆ ಕೆಲಸಕ್ಕೆ ಬಂದದ್ದು ಅವರ 1965ರ ಪ್ರಯೋಗ. ಗೊಂಬೆಗೆ ಹೊಡೆದವನಿಗೆ ಶಿಕ್ಷೆ ಆದದ್ದನ್ನು ನೋಡಿದ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಆಮೇಲೆ "ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ" ಅಂದಾಗ, ಉಳಿದ ಮಕ್ಕಳಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಅಂದರೆ ಕಲಿಯುವುದನ್ನು ಎಲ್ಲರೂ ಕಲಿತಿದ್ದರು, ಹೊರಗೆ ತರಬೇಕೋ ಬೇಡವೋ ಅನ್ನುವುದನ್ನು ಮಾತ್ರ ಏಟಿನ ನಂತರದ ದೃಶ್ಯ ತೀರ್ಮಾನಿಸಿತ್ತು.

ಇಷ್ಟಾದ ಮೇಲೆ ನನ್ನ ಕ್ರಮ ಹೀಗೆ ಬಂತು. ಹೊಸ ಶೋ ಬಂದರೆ ಮೊದಲ ಕಂತು ನೋಡುವುದಿಲ್ಲ. ಅಪ್ಪ ಅಮ್ಮ ನೋಡುವುದೇ ಅದನ್ನು, ಹಾಗಾಗಿ ಅದು ಯಾವಾಗಲೂ ಸಾಧು. ನಡುವಿನ ಒಂದು ಕಂತು, ಈಚಿನ ಸೀಸನ್‌ನ ಕೊನೆಯ ಕಂತು, ಇವೆರಡು. ಒಂದನ್ನು ಮ್ಯೂಟ್ ಮಾಡಿ ನೋಡುತ್ತೇನೆ. ಇನ್ನೊಂದನ್ನು ಟಿವಿಗೆ ಬೆನ್ನು ಹಾಕಿ ಬರೀ ಕೇಳುತ್ತೇನೆ. ಮಾತು ಪೂರ್ತಿ ಅರ್ಥವಾಗದ ನಾಲ್ಕು ವರ್ಷದವನಿಗೆ ಶೋ ಹೇಗೆ ಕಾಣುತ್ತದೆ ಅಂತ ಮ್ಯೂಟ್‌ನಲ್ಲಿ ಗೊತ್ತಾಗುತ್ತದೆ. ಬೆನ್ನು ಹಾಕಿ ಕೇಳಿದರೆ ಎಷ್ಟು ಕಿರುಚಾಟ, ಎಷ್ಟು ಹೀಯಾಳಿಕೆ, ಏಟು ಬಿದ್ದಾಗ ನಗುವ ಸದ್ದು ಎಷ್ಟು ಅಂತ ತಿಳಿಯುತ್ತದೆ. ಪಕ್ಕದಲ್ಲಿ ನೋಟ್‌ಬುಕ್. ಮೂರೇ ಕಾಲಮ್: ಯಾರು ಹೊಡೆದರು, ನೋವಾಯ್ತಾ, ಆಮೇಲೆ ಹೊಡೆದವನಿಗೆ ಏನು ಸಿಕ್ಕಿತು.

ಒಂದೇ ರೇಟಿಂಗ್ ಇದ್ದ ಎರಡು ಕಾರ್ಟೂನ್‌ಗಳ ಪುಟ ನೋಡಿ. ಮೊದಲನೆಯದರಲ್ಲಿ ಹೀರೋ ಒಬ್ಬನನ್ನು ಎತ್ತಿ ಗೋಡೆಗೆ ಎಸೆಯುತ್ತಾನೆ. ಗೋಡೆಯಲ್ಲಿ ಅವನ ಆಕಾರದ ತೂತು. ಬಿದ್ದವನು ಮೈ ಕೊಡವಿಕೊಂಡು ಎದ್ದು ಬರುತ್ತಾನೆ, ಎಲ್ಲರೂ ನಗುತ್ತಾರೆ, ಹೀರೋಗೆ ಕಪ್ ಸಿಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಹದಿನೈದು ಏಟಾದರೂ ಇರಬಹುದು, ನೋವಿನ ಕಾಲಮ್ ಖಾಲಿ. ಎರಡನೆಯದರಲ್ಲಿ ಒಂದೇ ಒಂದು ತಳ್ಳಾಟ. ಬಿದ್ದ ಹುಡುಗಿಯ ಮೊಣಕಾಲು ತರಚುತ್ತದೆ. ಕ್ಯಾಮೆರಾ ಅವಳ ಮುಖದ ಮೇಲೇ ನಿಲ್ಲುತ್ತದೆ, ಅರ್ಧ ನಿಮಿಷ ಇರಬಹುದು. ತಳ್ಳಿದವನು ಕಂತು ಮುಗಿಯುವವರೆಗೂ ಚಡಪಡಿಸುತ್ತಾನೆ. ನೋಡುವುದಕ್ಕೆ ಎರಡನೆಯದೇ ಕಷ್ಟ. ಮಗಳಿಗೆ ನಾನು ಪಾಸ್ ಮಾಡಿದ್ದು ಅದನ್ನೇ. ಮೊದಲನೆಯದು ಇಬ್ಬರಿಗೂ ಇಲ್ಲ. ಮನೆಯಲ್ಲಿ ಇದಕ್ಕೆ ದೊಡ್ಡ ವಾದವೇ ಆಯಿತು. "ಅಳಿಸೋದು ಬೇಕು, ನಗಿಸೋದು ಬೇಡ ಅಂತೀರಲ್ಲ" ಅಂತ ನನ್ನ ಹೆಂಡತಿ. ಎರಡು ವಾರ ಬಿಟ್ಟು ಅವಳೇ ಒಪ್ಪಿದಳು.

ಇನ್ನೊಂದು ಗುರುತು ನಕ್ಷತ್ರದ್ದು. ಮುಖ ಬದಲಾಗುವ ದೃಶ್ಯ ಇದ್ದರೆ ನಕ್ಷತ್ರ. ಸಾಧು ಮನುಷ್ಯ ಕಣ್ಣೆದುರೇ ಹಸಿರು ದೈತ್ಯನಾಗುವ ಹಳೆಯ ಅಮೆರಿಕನ್ ಸರಣಿ ಒಂದಿತ್ತಲ್ಲ, ಅದರಲ್ಲಿ ಪುಟ್ಟ ಮಕ್ಕಳು ಹೆದರುತ್ತಿದ್ದದ್ದು ವಿಲನ್‌ಗಳಿಗಲ್ಲ, ಆ ಒಳ್ಳೆಯವನು ಬದಲಾಗುವ ಕ್ಷಣಕ್ಕೆ. ಜೋಆನ್ ಕ್ಯಾಂಟರ್ ಅನ್ನುವ ಸಂಶೋಧಕಿ 1980ರ ದಶಕದಲ್ಲಿ ಇಂಥದ್ದನ್ನೆಲ್ಲ ನೋಡಿದ್ದರು. ನನ್ನ ಮಗನ ರಾತ್ರಿ ಅಳುವಿಗೂ ಕಾರಣ ಅದೇ ಆಗಿತ್ತು. ಕತ್ತಿ ಹಿಡಿದವರಿಗೆ ಅವನು ಕ್ಯಾರೇ ಅನ್ನುವುದಿಲ್ಲ. ಅಜ್ಜಿಯೊಬ್ಬಳು ತೋಳವಾದ ಎರಡು ಸೆಕೆಂಡು ನಮ್ಮ ನಿದ್ದೆಯನ್ನು ವಾರಗಟ್ಟಲೆ ತಿಂದಿತು.

ಈಗ ಆ ಕಲಿಕೆಯ ಶೋಗಳು. ಹಿಂಸೆಯೇ ಇಲ್ಲ ಅಂತ ನೆಮ್ಮದಿಯಾಗಿದ್ದೆ. ಹದಿನೆಂಟು ನಿಮಿಷ ಒಬ್ಬಳನ್ನು ಆಟಕ್ಕೆ ಸೇರಿಸಿಕೊಳ್ಳದೆ ಗೋಳಾಡಿಸುವುದು, ಕೊನೆಯ ಒಂದು ನಿಮಿಷ "ಸಾರಿ" ಹೇಳಿ ಅಪ್ಪಿಕೊಳ್ಳುವುದು. ಮಗ ಎದ್ದು ಬಂದು ಹೇಳಿದ್ದು, "ನಿನ್ನ ನಾವು ಸೇರಿಸಿಕೊಳ್ಳಲ್ಲ ಹೋಗು." ಪಾಠ ಅವನಿಗೆ ಮುಟ್ಟಿದ್ದೇ ಅಷ್ಟು. 2006ರ ಒಂದು ಅಮೆರಿಕನ್ ಅಧ್ಯಯನದಲ್ಲೂ ಹೀಗೇ ಕಂಡಿತ್ತು. ಶೈಕ್ಷಣಿಕ ಕಾರ್ಯಕ್ರಮ ಜಾಸ್ತಿ ನೋಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಈ ಬಗೆಯ ಕೊಂಕು ಜಾಸ್ತಿ. ಮೊದಲಿನ ಜಗಳಕ್ಕೂ ಕೊನೆಯ ನೀತಿಗೂ ಗಂಟು ಹಾಕಲು ಆ ವಯಸ್ಸಿಗೆ ಬರುವುದಿಲ್ಲ ಅನ್ನುವುದು ಅವರ ವಿವರಣೆ. ಆ ಚಂದಾ ಮುಂದುವರಿಸಲಿಲ್ಲ.

ನೋಟ್‌ಬುಕ್ ದಾಟಿದ ಶೋವನ್ನು ಮಕ್ಕಳ ಜೊತೆ ಕೂತು ನೋಡುತ್ತೇನೆ. ನಾನು ಟಿವಿ ನೋಡುವುದಿಲ್ಲ, ಮಕ್ಕಳನ್ನು ನೋಡುತ್ತೇನೆ. ಮಗನಿಗೆ ಭಯವಾದರೆ ಕಾಲ್ಬೆರಳು ಮಡಚಿಕೊಳ್ಳುತ್ತವೆ, ಮುಖದಲ್ಲಿ ಏನೂ ಕಾಣುವುದಿಲ್ಲ. ಮಗಳು ಕತ್ತು ತಿರುಗಿಸದೆ ಕಣ್ಣಂಚಲ್ಲಿ ನನ್ನ ಮುಖ ನೋಡುತ್ತಾಳೆ. ಸುಮ್ಮನೆ ಪಕ್ಕದಲ್ಲಿ ಕೂರುವುದು ಮಾತ್ರ ಕೂಡದು. ಅಪ್ಪ ಏನೂ ಅನ್ನಲಿಲ್ಲ ಅಂದರೆ ಸರಿ ಇದೆ ಅಂತಲೇ ಮಕ್ಕಳ ಲೆಕ್ಕ. ಭಾಷಣವೂ ಬೇಡ. "ಅಯ್ಯೋ, ಅವನ ಕೈಗೆ ಎಷ್ಟು ನೋವಾಯ್ತೋ ಏನೋ?" ಅಷ್ಟು ಸಾಕು.

ಶೋ ಮುಗಿದು ಹತ್ತು ನಿಮಿಷ ಏನೂ ಕೇಳಬಾರದು. ಆಮೇಲೆ "ಏನಾಯ್ತು ಕಥೆ ಹೇಳು" ಅನ್ನುತ್ತೇನೆ. ಒಂದೇ ಕಂತು ನೋಡಿ ಮಗಳು ಹೇಳಿದ್ದು: "ಅವನಿಗೆ ಹೊಟ್ಟೆಕಿಚ್ಚು, ಅದಕ್ಕೆ ತಳ್ಳಿದ, ಆಮೇಲೆ ಅವಳು ಅವನ ಜೊತೆ ಮಾತೇ ಆಡಲಿಲ್ಲ." ಮಗ ಹೇಳಿದ್ದು: "ಢಿಶುಂ ಮಾಡಿದ, ಬಿದ್ದ, ಮತ್ತೆ ಢಿಶುಂ." ಮಗಳಿಗೆ ಪಾಸ್, ಮಗನಿಗೆ ಇನ್ನೂ ಇಲ್ಲ. ಯಾಕೆ ಹೊಡೆದ, ಹೊಡೆದ ಮೇಲೆ ಏನಾಯಿತು ಅನ್ನುವುದು ಮಗುವಿನ ಬಾಯಲ್ಲೇ ಬರಬೇಕು. ಇದಾದ ಮೇಲೆ ಕೇಳುವ ಇನ್ನೊಂದು ಪ್ರಶ್ನೆ ಇದೆ, ಅದೇ ನಿಜವಾದ ಜರಡಿ. ಅದನ್ನು ಬರೆಯುವ ಹಾಗಿಲ್ಲ, ಮಗಳು ಈಗ ಓದಲು ಕಲಿತಿದ್ದಾಳೆ.

ಈ ನಡುವೆ ಬೇಡದ ಪ್ರಯೋಗಗಳನ್ನೂ ಮಾಡಿದೆ. 1990ರ ಸುಮಾರಿಗೆ ಫ್ಲಾವೆಲ್ ಅನ್ನುವ ಮನೋವಿಜ್ಞಾನಿ ಟಿವಿಯಲ್ಲಿ ಪಾಪ್‌ಕಾರ್ನ್ ಬಟ್ಟಲು ತೋರಿಸಿ, ಟಿವಿ ತಲೆಕೆಳಗೆ ಮಾಡಿದರೆ ಏನಾಗುತ್ತೆ ಅಂತ ಮಕ್ಕಳನ್ನು ಕೇಳಿದ್ದರು. ಮೂರು ವರ್ಷದವರು ಚೆಲ್ಲುತ್ತೆ ಅನ್ನುತ್ತಿದ್ದರು, ನಾಲ್ಕು ವರ್ಷದವರು ಇಲ್ಲ ಅನ್ನುತ್ತಿದ್ದರು. ಮಗನಿಗೆ ಮೂರೂವರೆ ಇದ್ದಾಗ ಟ್ಯಾಬ್‌ನಲ್ಲಿ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಟ್ಯಾಬ್ ತಿರುಗಿಸಿ ಕೆಳಗೆ ಕೈ ಒಡ್ಡಿದ. ಅವನ ಮುಂದೆ "ಅದೆಲ್ಲ ಸುಳ್ಳು ಕಣೋ" ಅನ್ನುವುದು ಅವತ್ತಿಗೆ ಬಿಟ್ಟೆ. ಮುಕ್ಕಾಲು ವೇಗದಲ್ಲಿ ಶೋ ಓಡಿಸಿಯೂ ನೋಡಿದೆ. ಹೊಡೆದಾಟದ ಶೋ ನಿಧಾನವಾದರೆ ಮಗ ಐದು ನಿಮಿಷಕ್ಕೆ ಎದ್ದು ಹೋಗುತ್ತಾನೆ. ಇದರಿಂದ ಏನು ಉಪಯೋಗ ಅಂತ ಕೇಳಬೇಡಿ, ಚಂದ ಇತ್ತು.

ಸುದ್ದಿಯದ್ದು ಮಾತ್ರ ತಮಾಷೆಯಲ್ಲ. ನಮ್ಮ ಮಾವ ಸಂಜೆ ಸುದ್ದಿ ಹಾಕಿ ಕೂರುತ್ತಿದ್ದರು. ಬಸ್ಸೊಂದು ಕಮರಿಗೆ ಬಿದ್ದ ದೃಶ್ಯ ತಿರುಗಾಮುರುಗಾ ಬರುತ್ತಿತ್ತು. ಮಗ ಬಂದು "ತಾತ, ಇನ್ನೂ ಎಷ್ಟು ಬಸ್ ಬೀಳುತ್ತೆ?" ಅಂದ. ಪ್ರತಿ ಸಲವೂ ಅವನಿಗೆ ಹೊಸ ಬಸ್ಸು. ಮಾವನಿಗೆ ಒಂದು ಒಳ್ಳೆಯ ಹೆಡ್‌ಫೋನ್, ಒಂದು ಟ್ಯಾಬ್ ಕೊಡಿಸಿದೆ. ಈ ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ ಅತಿ ಸಾರ್ಥಕ ದುಡ್ಡು ಅದು.

ಒಂದು ಶೋ ತೆಗೆಯುವ ಮೊದಲು ಅದರ ಜಾಗಕ್ಕೆ ಅಷ್ಟೇ ಉದ್ದದ ಇನ್ನೊಂದು ರೆಡಿ ಇರಬೇಕು. ಇದು ನಿಷೇಧ ಸೋತ ಮೇಲೆ ಹಿಡಿದ ದಾರಿ. ಸಿಯಾಟಲ್‌ನಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿರುವ ಐನೂರಕ್ಕೂ ಹೆಚ್ಚು ಮನೆಗಳಲ್ಲಿ ಹೀಗೇ ಮಾಡಿ ನೋಡಿದ್ದರು, ಫಲಿತಾಂಶ ಬಂದದ್ದು 2013ರಲ್ಲಿ. ಟಿವಿ ಹೊತ್ತು ಕಮ್ಮಿ ಮಾಡಿ ಅನ್ನಲಿಲ್ಲ. ಹೊಡೆದಾಟದ ಬದಲು ಒಳ್ಳೆಯದು ಹಾಕಿ ಅಂದರು, ಅಷ್ಟೇ. ಆರು ತಿಂಗಳಲ್ಲೇ ಮಕ್ಕಳ ನಡವಳಿಕೆ ಒಂದಿಷ್ಟು ಸುಧಾರಿಸಿತ್ತು. ನಮ್ಮಲ್ಲಿ ವ್ಯತ್ಯಾಸ ಕಾಣಲು ಮೂರು ತಿಂಗಳಾದರೂ ಹಿಡಿಯಿತು. ಸಂಜೆ ಆರರ ಮೇಲೆ ಪಾಸಾದ ಹೊಡೆದಾಟವೂ ಇಲ್ಲ. ಅದರಿಂದ ನಿದ್ದೆ ನೆಟ್ಟಗಾಯಿತು.

ಒಂದು ಶೋಗೆ ನನಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಹತ್ತರಲ್ಲಿ ಮಗನಿಗೆ ಮೂರು ಪಾಸಾಗುತ್ತವೆ, ಮಗಳಿಗೆ ಐದಾರು. ಮಗಳ ಶೋಗಳು ಮಗ ಮಧ್ಯಾಹ್ನ ಮಲಗಿದಾಗ. ಆರು ತಿಂಗಳಿಗೊಮ್ಮೆ ಪಟ್ಟಿ ಹೊಸದಾಗುತ್ತದೆ. ಶೋಗಳೂ ಕೆಡುತ್ತವೆ. ಎರಡು ಸೀಸನ್ ಸಾಧುವಾಗಿದ್ದ ಒಂದು ಶೋ ಮೂರನೆಯದರಲ್ಲಿ ಎಲ್ಲರ ಕೈಗೂ ಆಯುಧ ಕೊಟ್ಟಿತು, ತೆಗೆದುಹಾಕಿದೆ.

ಗೇಮ್‌ಗಳಿಗೆ ಮಾತ್ರ ಈ ಮೂರು ಕಾಲಮ್ ಸಾಲುವುದಿಲ್ಲ. ಅಲ್ಲಿ ಹೊಡೆಯುವುದು ಮಗುವೇ, ಅಂಕ ಸಿಗುವುದೂ ಮಗುವಿಗೇ. ಅದಕ್ಕೆ ಬೇರೆ ನೋಟ್‌ಬುಕ್ ಶುರು ಮಾಡಿದ್ದೇನೆ.